ದುಡಿಯುತ್ತಲೇ ಪದವಿ: ದಾನಿಗಳಿಗೂ ಕುಟುಂಬಗಳಿಗೂ ಒಂದು ವಿವರಣೆ

ಮಾನ್ಯ ದಾನಿಗಳೇ, ವಿದ್ಯಾರ್ಥಿವೇತನದ ಅರ್ಜಿದಾರರ ಮನೆಯ ಹಿರಿಯರೇ,



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನವೆಂದರೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಮಾತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ಮಗಳ ಅರ್ಜಿ ಕೊಡಲು ಬಂದ ತಾಯಿ, ತಮ್ಮನನ್ನು ಕರೆತಂದ ಅಣ್ಣ, "ನಾವೂ ಪಿಯುಸಿವರೆಗೆ ಓದಿದ್ದೆವು ಸರ್, ಆಮೇಲೆ ಆಗಲಿಲ್ಲ" ಎನ್ನುವುದನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮನೆಯಲ್ಲಿ ಹೊಲಿಗೆ ಮಾಡುವವರು, ಆಟೋ ಓಡಿಸುವವರು, ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಪಾಠ ಹೇಳುವವರು ಅವರಲ್ಲಿದ್ದಾರೆ. ಅವರು ಮತ್ತೆ ಓದಬಹುದು. ಅವರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಮಯ. ಅದನ್ನು ಕೊಡಬೇಕಾದವರು ಮನೆಯವರು ಮತ್ತು ಮಾಲೀಕರು.

2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ. ದೇಶದ ಒಟ್ಟು ಜನರಲ್ಲಿ ಅದು ಸುಮಾರು ಶೇ. 7 ಇತ್ತು. ಅಂದು ಓದು ಬಿಟ್ಟ ಯುವಕ ಯುವತಿಯರೇ ಇಂದು ನಮ್ಮ ವಿದ್ಯಾರ್ಥಿಗಳ ತಂದೆ ತಾಯಂದಿರು. ಮಕ್ಕಳಿಗೆ ಮಾತ್ರ ನೆರವು ಕೊಟ್ಟರೆ ಆ ಒಂದು ತಲೆಮಾರನ್ನು ಹಾಗೆಯೇ ಬಿಟ್ಟಂತಾಗುತ್ತದೆ.

ಪದವಿಯಿಂದ ಏನು ಲಾಭ?

ಪದವಿ ಕೈಗೆ ಬಂದ ಮರುದಿನವೇ ಸಂಬಳ ಏರುವುದಿಲ್ಲ. ಆದರೆ ಅರ್ಜಿ ಹಾಕುವ ಹಕ್ಕು ಬರುತ್ತದೆ. ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು. ಬ್ಯಾಂಕಿನ ಗುಮಾಸ್ತ ಹುದ್ದೆಯ ಪರೀಕ್ಷೆಗೂ ಪದವಿಯೇ ಅರ್ಹತೆ. ಹತ್ತು ವರ್ಷ ಅಂಗಡಿಯ ಲೆಕ್ಕಪುಸ್ತಕ ನೋಡಿದವರಿಗೆ ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ಆದರೆ ದೊಡ್ಡ ಸಂಸ್ಥೆಯಲ್ಲಿ ಅರ್ಜಿ ಹಾಕಿದಾಗ ಮೊದಲು ಕೇಳುವುದು ಬಿ.ಕಾಂ. ಪ್ರಮಾಣಪತ್ರವನ್ನೇ.

ಎರಡನೆಯದಾಗಿ, ಪದವಿ ಮುಂದಿನ ಓದಿಗೆ ಮೆಟ್ಟಿಲು. ಬಿ.ಎಡ್., ಎಂ.ಎ., ಮೂರು ವರ್ಷದ ಎಲ್‌ಎಲ್‌.ಬಿ. ಎಲ್ಲಕ್ಕೂ ಪದವಿ ಬೇಕು. ಖಾಸಗಿ ಶಾಲೆಗಳಲ್ಲಿ ಚೆನ್ನಾಗಿ ಪಾಠ ಮಾಡಿಯೂ ಪದವಿ ಮತ್ತು ಬಿ.ಎಡ್. ಇಲ್ಲದ ಕಾರಣ ವರ್ಷಗಟ್ಟಲೆ ಅದೇ ಸಂಬಳದಲ್ಲಿ ಉಳಿದ ಸಹೋದರಿಯರನ್ನು ನಾವು ಶಿಕ್ಷಕರಾಗಿದ್ದಾಗ ಕಂಡಿದ್ದೇವೆ. ಮೂರನೆಯ ಲಾಭ ಮನೆಯೊಳಗಿನದು. ತಾಯಿಯೂ ಪರೀಕ್ಷೆಗೆ ಕೂರುವ ಮನೆಯಲ್ಲಿ ಮಕ್ಕಳಿಗೆ "ಓದು" ಎಂದು ಗದರುವ ಅಗತ್ಯ ಕಡಿಮೆ.

ಒಂದು ಎಚ್ಚರಿಕೆ: ಹುದ್ದೆಗಳಿಗೆ ವಯೋಮಿತಿ ಇದೆ. ಬ್ಯಾಂಕ್ ಗುಮಾಸ್ತ ಪರೀಕ್ಷೆಗೆ ಸಾಮಾನ್ಯ ಮಿತಿ 28 ವರ್ಷ, ಇತರ ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಕೆ ಇದೆ. ಆದ್ದರಿಂದ 35ರಲ್ಲಿ ಓದು ಆರಂಭಿಸುವವರು ಶಿಕ್ಷಕ ವೃತ್ತಿ, ಖಾಸಗಿ ಉದ್ಯೋಗ, ಸ್ವಂತ ವ್ಯವಹಾರ ಇವುಗಳಲ್ಲಿ ಯಾವುದಕ್ಕಾಗಿ ಓದುತ್ತೇವೆ ಎಂದು ಮೊದಲೇ ಯೋಚಿಸಬೇಕು.

ಎಲ್ಲಿ ಓದಬಹುದು?

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಬಹುದು. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಬಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೆ, ಅಂದರೆ ಇಗ್ನೋಗೆ, ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಬಾರಿ ಪ್ರವೇಶ. ಅಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಮುಗಿಸಬಹುದು. ಉರ್ದು ಮಾಧ್ಯಮದವರಿಗೆ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ದೂರಶಿಕ್ಷಣವಿದೆ.

ಪಿಯುಸಿ ಮುಗಿಸದವರು ಮೊದಲು ಅದನ್ನೇ ಮುಗಿಸಬೇಕು. ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆ ಬರೆಯಬಹುದು, ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 12ನೇ ತರಗತಿ ಪೂರೈಸಬಹುದು. ಪಿಯುಸಿ ಇಲ್ಲದೆ ನೇರವಾಗಿ ಪದವಿ ಪಡೆದವರಿಗೆ ಕಾನೂನು ಶಿಕ್ಷಣದ ಬಾಗಿಲು ಮುಚ್ಚಿರುತ್ತದೆ. ಇನ್ನೂ ಕೆಲವು ಕಡೆ ತೊಡಕಾಗಬಹುದು.

ಮಾನ್ಯತೆಯನ್ನು ಕಣ್ಣಾರೆ ನೋಡಿ

ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿನ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಮುಖ್ಯವಾದ ಮಾತು "ಮಾನ್ಯತೆ ಪಡೆದ" ಎಂಬುದು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2012-13ರ ನಂತರ ಮಾನ್ಯತೆ ಇಲ್ಲದೆ, 2018ರಲ್ಲಿ ಅದು ಮತ್ತೆ ದೊರೆಯಿತು. ನಡುವಿನ ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಆತಂಕದಲ್ಲಿ ಕಾಯಬೇಕಾಯಿತು. ಹಾಗಾಗಿ ಶುಲ್ಕ ಕಟ್ಟುವ ಮುನ್ನ, ನೀವು ಸೇರುವ ಕೋರ್ಸ್ ಮತ್ತು ಸೇರುವ ವರ್ಷ ಎರಡೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿವೆಯೇ ಎಂದು ನೋಡಿ. ಈಗ ಪ್ರವೇಶಕ್ಕೆ ಅದೇ ವಿಭಾಗದ ಜಾಲತಾಣದಲ್ಲಿ ಗುರುತಿನ ಸಂಖ್ಯೆಯನ್ನೂ ಪಡೆಯಬೇಕು.

"ಒಂದೇ ವರ್ಷದಲ್ಲಿ ಡಿಗ್ರಿ" ಎನ್ನುವ ಗೋಡೆ ಜಾಹೀರಾತನ್ನು ನಂಬಬೇಡಿ. ಎಂಜಿನಿಯರಿಂಗ್, ನರ್ಸಿಂಗ್, ಫಿಸಿಯೊಥೆರಪಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಅನುಮತಿ ಇಲ್ಲ. ಗಲ್ಫ್ ಉದ್ಯೋಗಕ್ಕಾಗಿ ಓದುವವರು, ಹೋಗಲಿರುವ ದೇಶದಲ್ಲಿ ದೂರಶಿಕ್ಷಣದ ಪದವಿಯನ್ನು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಲಿ.

ಸಮಯದ ಲೆಕ್ಕ

ಮುಕ್ತ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಹಿಡಿದರೆ 3,600 ಗಂಟೆ. ಮೂರೇ ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಆರು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯಲ್ಲಿ ನಿಲ್ಲುವವನಿಗೆ, ಅಡುಗೆ, ಮಕ್ಕಳು, ಅತ್ತೆ ಮಾವನ ಆರೈಕೆ ಎಲ್ಲ ಮುಗಿಸುವ ಸೊಸೆಗೆ ಈ ಸಮಯ ಎಲ್ಲಿಂದ ಬರಬೇಕು?

ಅದು ಮನೆಯವರಿಂದಲೇ ಬರಬೇಕು. ಸೊಸೆ ಪುಸ್ತಕ ಹಿಡಿದಾಗ ರಾತ್ರಿಯ ಪಾತ್ರೆಗಳನ್ನು ಬೇರೆಯವರು ತೊಳೆಯಲಿ. ಮಗ ಪರೀಕ್ಷೆಗೆ ಹೋಗುವ ತಿಂಗಳು ಅವನಿಂದ ಓವರ್‌ಟೈಮ್ ದುಡ್ಡು ನಿರೀಕ್ಷಿಸದಿರಲಿ. ದಾನಿಗಳಲ್ಲಿ ಅನೇಕರು ಅಂಗಡಿ, ಗ್ಯಾರೇಜು, ಕಾರ್ಖಾನೆಗಳ ಮಾಲೀಕರೂ ಹೌದು. ನೀವು ಕೊಡುವ ಚೆಕ್ಕಿನಷ್ಟೇ ಬೆಲೆ ನಿಮ್ಮ ಕೆಲಸಗಾರನಿಗೆ ಪರೀಕ್ಷೆಯ ದಿನ ಸಂಬಳ ಹಿಡಿಯದೆ ಕೊಡುವ ರಜೆಗಿದೆ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್ ಅವಧಿಯವು, ಆದ್ದರಿಂದ ಮೊದಲೇ ಹೊಂದಿಸಿಕೊಳ್ಳಬಹುದು.

ಅರ್ಜಿದಾರರಿಗೆ ಸೂಚನೆ

ಈ ಸಾಲಿನಿಂದ ದುಡಿಯುತ್ತಾ ಓದುವವರೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಮದುವೆಯಾಗಿದೆ, ಓದು ಬಿಟ್ಟು ಬಹಳ ವರ್ಷವಾಗಿದೆ ಎಂಬ ಕಾರಣಕ್ಕೆ ಯಾರ ಅರ್ಜಿಯನ್ನೂ ಬದಿಗಿಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಸೇರಲಿರುವ ಕೋರ್ಸಿನ ಮಾನ್ಯತೆಯ ಪ್ರತಿ ಲಗತ್ತಿಸಿ. ದಿನದ ಯಾವ ಹೊತ್ತಿನಲ್ಲಿ ಓದುತ್ತೀರಿ, ಆ ಹೊತ್ತಿನಲ್ಲಿ ನಿಮ್ಮ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾಲ್ಕು ಸಾಲು ಬರೆಯಿರಿ. ಅದಕ್ಕೆ ಮನೆಯ ಒಬ್ಬ ಹಿರಿಯರು ಸಹಿ ಹಾಕಲಿ. ಮೊದಲ ವರ್ಷದ ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಟ್ಟುತ್ತೇವೆ, ಪರೀಕ್ಷೆ ಬರೆದ ದಾಖಲೆ ತಂದರೆ ಮುಂದಿನ ವರ್ಷಕ್ಕೂ ಕಟ್ಟುತ್ತೇವೆ. ಒಂದೆರಡು ವಿಷಯ ಉಳಿದರೂ ಹಿಂಜರಿಯದೆ ಬನ್ನಿ.

ಅರ್ಜಿ ತುಂಬಲು ಕಷ್ಟವಾದರೆ ಟ್ರಸ್ಟಿನ ಕಚೇರಿಯಲ್ಲಿ ನಾವು ನಿವೃತ್ತ ಶಿಕ್ಷಕರು ಕುಳಿತು ತುಂಬಿಸಿಕೊಡುತ್ತೇವೆ. ಹಳೆಯ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ತನ್ನಿ.