ಚಾರ್ಟ್ ಓದುವ ಅಜ್ಜ, ಮೊಬೈಲ್ ಒತ್ತುವ ಮೊಮ್ಮಗ

"ನಮ್ಮ ಮಾವನೋರು ಮಟಕಾ ಬರಸ್ತಾರ, ಮಗಾ ಮೊಬೈಲ್‌ನ್ಯಾಗ ಕ್ರಿಕೆಟ್‌ಗೆ ರೊಕ್ಕಾ ಹಚ್ಚತಾನ. ಇಬ್ಬರದೂ ಒಂದ ಚಟಾ ಏನ್ರಿ? ವಯಸ್ಸಾದಂಗ ಬುದ್ಧಿ ಬರತೈತೇನ್ರಿ?"

ಖಾನಾಪುರದ ಓದುಗರೊಬ್ಬರು ಕೇಳಿದ ಈ ಪ್ರಶ್ನೆ ಗಡಿಭಾಗದ ಎಷ್ಟೋ ಮನೆಗಳದ್ದು. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ. ಆದರೆ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿ ಮಾಂಡೋವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳು. ಒಳಗೆ ಹೋಗಲು 21 ತುಂಬಿರಬೇಕು. ಮಟಕಾಗೆ ಆ ನಿಯಮವೂ ಇಲ್ಲ.

ಜೂಜಿನ ಚಟವನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಚಟ ಒಂದೇ ಆದರೂ ಅದನ್ನು ನಡೆಸುವ ಶಕ್ತಿಗಳು ಎರಡು: ಒಂದು ದುಡುಕು, ಇನ್ನೊಂದು ತಪ್ಪು ಲೆಕ್ಕ.

ದುಡುಕಿನ ಮೇಲೆ ವಯಸ್ಸಿನ ಪ್ರಭಾವ ಸ್ಪಷ್ಟ. ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10ರಿಂದ 30 ವರ್ಷದ 935 ಜನರನ್ನು ಪರೀಕ್ಷಿಸಿದ್ದರು. ವಯಸ್ಸು ಏರಿದಂತೆ ದುಡುಕು ಇಳಿಯುತ್ತ ಹೋಗಿತ್ತು. ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಸೋತ ಸಿಟ್ಟಿನಲ್ಲಿ "ಹೋದ ರೊಕ್ಕಾ ಈಗ ತಗೀತೀನಿ" ಎಂದು ಮತ್ತೆ ಹಚ್ಚುವ ಆತುರ ಹುಡುಗರಲ್ಲಿ ಹೆಚ್ಚಿರುವುದು ಇದಕ್ಕೇ. ಮೊಬೈಲ್ ಆಟ ಆ ಆತುರ ತಣಿಯಲು ಹೊತ್ತೇ ಕೊಡುವುದಿಲ್ಲ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಳ್ಳೆಯ ಹೆಜ್ಜೆ. ಆದರೆ ಕಾನೂನಿನಿಂದಲೇ ಚಟ ನಿಲ್ಲುವಂತಿದ್ದರೆ ಮಟಕಾ ಎಂದೋ ನಿಲ್ಲಬೇಕಿತ್ತು.

ಈಗ ಅಜ್ಜನ ಕಡೆ ಬರೋಣ. ಅವರು ದುಡುಕುವವರಲ್ಲ. ಹಿಂದಿನ ಫಲಿತಾಂಶಗಳ ಚಾರ್ಟ್ ಹರವಿಕೊಂಡು, ಕನ್ನಡಕ ಏರಿಸಿ, ಯೋಚಿಸಿಯೇ ನಂಬರ್ ಬರೆಸುವವರು. ಆ ಚಾರ್ಟನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮಟಕಾ ಹುಟ್ಟಿದ್ದು ಮುಂಬಯಿಯಲ್ಲಿ, ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿ ದರದ ಮೇಲಿನ ಬಾಜಿಯಾಗಿ. ಆ ದರ ಬರುವುದು ನಿಂತ ಮೇಲೆ ಅರವತ್ತರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಅದಕ್ಕೆ ಈಗಿನ ರೂಪ ಕೊಟ್ಟರು. ಮೂರು ಅಂಕಿ ತೆಗೆದು ಕೂಡಿಸಿ, ಮೊತ್ತದ ಕೊನೆಯ ಅಂಕಿ ಹಿಡಿಯುವುದು. 2, 5, 8 ಬಂದರೆ ಮೊತ್ತ 15, ಮೊದಲ ಅಂಕಿ (ಓಪನ್) 5. ಎರಡನೇ ಸಲ ಹೀಗೇ ತೆಗೆದಾಗ (ಕ್ಲೋಸ್) 3 ಬಂದರೆ ಜೋಡಿ 53. ಹೀಗೆ ಒಟ್ಟು ನೂರು ಜೋಡಿ. ಉತ್ತರ ಕರ್ನಾಟಕದ ಪೊಲೀಸ್ ದೂರುಗಳಲ್ಲಿ ಕಾಣುವ ದರ ಒಂದು ರೂಪಾಯಿಗೆ 80. ನೂರು ಜೋಡಿಗೂ ಒಂದೊಂದು ರೂಪಾಯಿ ಹಚ್ಚಿದರೆ ಕೈಗೆ ಬರುವುದು 80. ಆಟ ಮೋಸವಿಲ್ಲದೆ ನಡೆದರೂ ನೂರಕ್ಕೆ 20 ಹೋಯಿತು.

"ಈ ನಂಬರ್ ಭಾಳ ದಿನಾ ಆತು ಬಂದಿಲ್ಲ, ಇನ್ನ ಬರಲೇಬೇಕು" ಎನ್ನುವುದು ಚಾರ್ಟ್ ಓದುವವರ ತರ್ಕ. ಲೆಕ್ಕ ಹಾಕಿ ನೋಡಿ. ಪ್ರತಿ ಜೋಡಿಗೂ ಸಮಾನ ಅವಕಾಶವಿದ್ದರೆ ನೂರು ಡ್ರಾ ಮುಗಿದ ಮೇಲೂ ಸುಮಾರು 37 ಜೋಡಿಗಳು ಒಮ್ಮೆಯೂ ಬಂದಿರುವುದಿಲ್ಲ. ಮುನ್ನೂರು ಡ್ರಾ ಆದರೂ ಐದರಷ್ಟು ಉಳಿದಿರುತ್ತವೆ. ಅಂದರೆ ಬಾಕಿ ಉಳಿದ ನಂಬರ್ ಯಾವ ಚಾರ್ಟಿನಲ್ಲೂ ಇದ್ದೇ ಇರುತ್ತದೆ, ಅದು ನಾಳೆ ಬರುವ ಸಾಧ್ಯತೆ ಮಾತ್ರ ನೂರರಲ್ಲಿ ಒಂದೇ. ನಿನ್ನೆ ಏನು ಬಂತು ಎಂಬುದು ಅಂಕಿಗಳಿಗೆ ನೆನಪಿರುವುದಿಲ್ಲ.

ತಾನೇ ಆರಿಸಿದ ನಂಬರಿನ ಮೇಲೆ ನಂಬಿಕೆ ಇನ್ನೂ ಗಟ್ಟಿ. 1975ರಲ್ಲಿ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ ಒಂದು ಡಾಲರಿನ ಲಾಟರಿ ಚೀಟಿಗಳನ್ನು ಮಾರಿಸಿ, ಆಮೇಲೆ ವಾಪಸ್ ಕೊಡಲು ಎಷ್ಟು ಬೇಕೆಂದು ಕೇಳಿದರು. ಯಾರೋ ಕೊಟ್ಟ ಚೀಟಿ ಪಡೆದವರು ಸರಾಸರಿ 1.96 ಡಾಲರ್ ಕೇಳಿದರು. ತಾವೇ ಆರಿಸಿದವರು ಕೇಳಿದ್ದು 8.67. ಗೆಲ್ಲುವ ಅವಕಾಶ ಇಬ್ಬರಿಗೂ ಒಂದೇ ಇತ್ತು.

ವಯಸ್ಸಾದಂತೆ ಬುದ್ಧಿ ಬರುತ್ತದೆ ಎಂಬ ಮಾತು ಅರ್ಧ ನಿಜವಾಗುವುದು ಇಲ್ಲಿ. ದುಡುಕು ತಗ್ಗಬಹುದು, ತಪ್ಪು ಲೆಕ್ಕ ತಾನಾಗಿ ಅಳಿಯುವುದಿಲ್ಲ. ಅಪರೂಪಕ್ಕೆ ಹತ್ತಿದ ನಂಬರ್ ನೆನಪಿನಲ್ಲಿ ಉಳಿದು, ಹತ್ತದ ನೂರಾರು ಮರೆತುಹೋಗುತ್ತವೆ. ವರ್ಷಗಳು ಅದನ್ನು ಅನುಭವವೆಂದು ಗಟ್ಟಿ ಮಾಡುತ್ತವೆ.

ಎಂದೂ ಜೂಜಾಡದ ಹಿರಿಯರು ಇದ್ದಕ್ಕಿದ್ದಂತೆ ಆಡತೊಡಗಿದರೆ ಅವರು ತೆಗೆದುಕೊಳ್ಳುವ ಔಷಧಿಗಳನ್ನೂ ನೋಡಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಕೆಲವರಲ್ಲಿ ಜೂಜಿನ ಹಂಬಲ ಹುಟ್ಟಿಸುತ್ತವೆ. ಮಾತ್ರೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಆದ್ದರಿಂದ ಇಬ್ಬರಿಗೂ ಒಂದೇ ಬುದ್ಧಿಮಾತು ಸಾಲದು. ಹುಡುಗನಿಗೆ ಬೇಕಾದ್ದು ಆತುರಕ್ಕೂ ಹಣಕ್ಕೂ ನಡುವೆ ತಡೆ: ಯುಪಿಐ ಮಿತಿ ಇಳಿಸುವುದು, ಸಂಬಳದ ಖಾತೆಯನ್ನು ಮನೆಯವರೊಬ್ಬರು ನೋಡಿಕೊಳ್ಳುವುದು. ಅಜ್ಜನ ಜೊತೆ ಕೂತು ಹಚ್ಚಿದ್ದೆಷ್ಟು, ಬಂದದ್ದೆಷ್ಟು ಎಂದು ತಿಂಗಳುಗಟ್ಟಲೆ ಬರೆದಿಡಬೇಕು. ನಂಬಿಕೆಯನ್ನು ಲೆಕ್ಕದಿಂದಲೇ ಪ್ರಶ್ನಿಸುವ ಆಪ್ತಸಮಾಲೋಚನೆಯೂ ಉಂಟು. ಬೆಳಗಾವಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಬೈದು ಬಾಯಿ ಮುಚ್ಚಿಸಿದರೆ ಸಾಲ ಮುಚ್ಚಿಡುತ್ತಾರೆ. ಇದು ಚಿಕಿತ್ಸೆ ಇರುವ ಕಾಯಿಲೆ. ಸಾಲ ಬೆಳೆಯುವ ಮೊದಲೇ ಕರೆ ಮಾಡಿ.