ಅಂಗಡಿಯಲ್ಲಿ ಲೆಕ್ಕ ಹಾಕೋರು ಯಾರು?

ಅಕ್ಕಂದಿರೇ, ನೀವು ಕಿರಾಣಿ ಅಂಗಡಿಗೆ ಹೋಗುತ್ತೀರಿ. "ಅರ್ಧ ಕಿಲೋ ಬೇಳೆ ಕೊಡಿ ಅಣ್ಣ, ಒಂದು ಸೋಪು ಕೊಡಿ" ಅನ್ನುತ್ತೀರಿ. ಅಂಗಡಿಯವರು ತೂಗಿ ಕೊಡುತ್ತಾರೆ. ಲೆಕ್ಕವನ್ನೂ ಅವರೇ ಹಾಕುತ್ತಾರೆ. ನಡುವೆ ನಾಲ್ಕು ಮಾತು ಆಗುತ್ತದೆ. ಮಳೆ ಬಂತಾ, ಮಗಳು ಊರಿಗೆ ಬಂದಳಾ ಅಂತ.

ಈಗ ಬೇರೆ ಒಂದು ಅಂಗಡಿ ನೆನೆಸಿಕೊಳ್ಳಿ. ಸಾಮಾನು ಆರಿಸಿಕೊಳ್ಳುವವರು ನೀವೇ. ಬಿಲ್ಲು ಮಾಡುವವರೂ ನೀವೇ. ಚೀಲಕ್ಕೆ ತುಂಬುವವರೂ ನೀವೇ. ಎದುರಿಗೆ ಮನುಷ್ಯರಿಲ್ಲ. ಒಂದು ಯಂತ್ರ ಇದೆ. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಇಂಥ ಯಂತ್ರಗಳು ಬಹಳ ಇವೆ. ಅಮೆರಿಕದಲ್ಲಿ 1986ರಲ್ಲೇ ಇದನ್ನು ಒಂದು ಅಂಗಡಿಯಲ್ಲಿ ಇಟ್ಟು ನೋಡಿದ್ದರು.

ಯಂತ್ರಕ್ಕೆ ಬೆಲೆ ಹೇಗೆ ಗೊತ್ತಾಗುತ್ತದೆ? ಮನೆಯಲ್ಲಿರುವ ಸೋಪಿನ ಪೊಟ್ಟಣ ತಿರುಗಿಸಿ ನೋಡಿ. ಕಪ್ಪು ಗೆರೆಗಳು ಇವೆ. ಕೆಳಗೆ ಅಂಕಿಗಳಿವೆ. ಓದಿ ನೋಡಿ. ನಮ್ಮ ದೇಶದ ಸಾಮಾನಾದರೆ ಹೆಚ್ಚಾಗಿ 890 ಅಂತ ಶುರುವಾಗುತ್ತದೆ. ಇದಕ್ಕೆ ಬಾರ್‌ಕೋಡ್ ಅನ್ನುತ್ತಾರೆ. ಇದು ಬೆಲೆ ಅಲ್ಲ, ಸಾಮಾನಿನ ಗುರುತು. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಗೆರೆಗಳನ್ನು ಯಂತ್ರದ ಬೆಳಕಿಗೆ ಹಿಡಿದರೆ 'ಬೀಪ್' ಅನ್ನುತ್ತದೆ. ಬೆಲೆ ಪರದೆಯ ಮೇಲೆ ಬರುತ್ತದೆ. ಬಿಡಿಯಾಗಿ ಸಿಗುವ ಈರುಳ್ಳಿ, ಹಣ್ಣಿಗೆ ಗೆರೆ ಇರುವುದಿಲ್ಲ. ಅದಕ್ಕೆ ಪರದೆಯಲ್ಲಿ ಚಿತ್ರ ಹುಡುಕಿ ಒತ್ತಬೇಕು, ತೂಗಬೇಕು.

ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಚಿಕ್ಕಮ್ಮ ಹೋಗಿದ್ದರು. ಒಂದು ದಿನ ತಾಯಿ ಮಗಳು ಇಬ್ಬರೂ ಅಂಗಡಿಗೆ ಹೋದರು. ಮಗಳ ಕೈಯಲ್ಲಿ ಕೂಸು. ಹಾಗಾಗಿ ಚಿಕ್ಕಮ್ಮನೇ ಒಂದೊಂದು ಸಾಮಾನು ಬೆಳಕಿಗೆ ಹಿಡಿದರು. ಖುಷಿಯಾಯಿತಂತೆ. ಆಮೇಲೆ ಕೈ ನೋವು ಅಂತ ತಮ್ಮ ಕೈಚೀಲವನ್ನೂ ಸಾಮಾನಿನ ಪಕ್ಕ ಇಟ್ಟರು. ಅಷ್ಟೇ! ಯಂತ್ರ ಜೋರಾಗಿ ಏನೋ ಹೇಳಿತು. ಮೇಲೆ ಕೆಂಪು ದೀಪ ಹತ್ತಿತು. ಸುತ್ತಲಿದ್ದವರು ತಿರುಗಿ ನೋಡಿದರು.

"ಅಯ್ಯೋ, ನನ್ನನ್ನು ಕಳ್ಳಿ ಅಂದ್ಕೊಂಡ್ರೇನೋ ಅಂತ ಕೈಕಾಲು ನಡುಗಿಹೋಯ್ತು ಕಣೇ" ಅಂತ ಚಿಕ್ಕಮ್ಮ ನನಗೆ ಹೇಳಿದರು.

ನಡೆದದ್ದು ಇಷ್ಟೇ. ಸಾಮಾನು ಇಡುವ ಜಾಗದ ಕೆಳಗೆ ಕಣ್ಣಿಗೆ ಕಾಣದ ತಕ್ಕಡಿ ಇದೆ. ಪ್ರತಿ ಸಾಮಾನು ಎಷ್ಟು ತೂಕ ಎಂದು ಯಂತ್ರಕ್ಕೆ ಗೊತ್ತು. ಬಿಲ್ಲಿನಲ್ಲಿ ಇಲ್ಲದ ತೂಕ ಬಂದರೆ ನಿಂತುಬಿಡುತ್ತದೆ. ಅಂಗಡಿಯ ಹುಡುಗಿ ಬಂದು ಸರಿ ಮಾಡಿದಳು. ಆದರೆ ಆ ನಾಚಿಕೆ ಚಿಕ್ಕಮ್ಮನ ಮನಸ್ಸಿನಿಂದ ಹೋಗಲಿಲ್ಲ. ತಪ್ಪು ಮಾಡದವರನ್ನೂ ಎಲ್ಲರ ಎದುರಿಗೆ ನಿಲ್ಲಿಸುವುದು ಸರಿಯಲ್ಲ ಅಂತ ನನಗೂ ಅನಿಸುತ್ತದೆ. ಆ ದೇಶದವರೇ ಈ ದೂರು ಹೇಳುತ್ತಾರೆ. "ಕೂಲಿಯವರು ಮಾಡುವ ಕೆಲಸ ನಾವು ಮಾಡಿದರೂ ಒಂದು ಪೈಸೆ ಕಡಿಮೆ ಮಾಡೋಲ್ಲವಲ್ಲ" ಎಂದು ಗೊಣಗುವವರೂ ಇದ್ದಾರೆ. ವಯಸ್ಸಾದವರಿಗೆ ಪರದೆ ಓದುವುದು ಕಷ್ಟ. ಬಿಲ್ಲು ಮಾಡುವ ಕೆಲಸದಲ್ಲಿ ಅಲ್ಲಿ ಹೆಂಗಸರೇ ಹೆಚ್ಚು. ನಮ್ಮ ಕೆಲಸ ಹೋದರೆ ಏನು ಗತಿ ಎಂಬ ಚಿಂತೆ ಅವರದು.

ಹಾಗಂತ ಯಂತ್ರ ಎಲ್ಲರಿಗೂ ಬೇಡವಾಗಿಲ್ಲ. ಚಿಕ್ಕಮ್ಮನ ಮಗಳಿಗೆ ಅದೇ ಇಷ್ಟ. ಹಾಲು, ಬ್ರೆಡ್ಡು ಎರಡೇ ತರುವಾಗ ಬೇಗ ಆಗುತ್ತದೆ ಅನ್ನುತ್ತಾಳೆ. ಇನ್ನೊಂದು ಮಾತೂ ಹೇಳಿದಳು. ತಿಂಗಳ ಮುಟ್ಟಿನ ಪ್ಯಾಡು ಕೊಳ್ಳುವಾಗ ಯಾರ ಮುಖವನ್ನೂ ನೋಡಬೇಕಿಲ್ಲ. ನಮ್ಮಲ್ಲಿ ಅದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರಲ್ಲ, ಗೊತ್ತಲ್ಲ ನಿಮಗೆ! ಅಲ್ಲೂ ಕೆಲವರಿಗೆ ಸಂಕೋಚ ಇದ್ದೇ ಇದೆ.

ಅಂಗಡಿಯವರು ಯಂತ್ರ ಇಟ್ಟದ್ದು ಸಂಬಳದ ಖರ್ಚು ಉಳಿಸಲು. ಒಬ್ಬರೇ ನಿಂತು ಹಲವು ಯಂತ್ರ ನೋಡಿಕೊಳ್ಳಬಹುದು. ಆದರೆ ಬಿಲ್ಲು ಮಾಡದೆ ಸಾಮಾನು ಒಯ್ಯುವವರಿಂದ ಕೆಲವು ಅಂಗಡಿಗಳಿಗೆ ನಷ್ಟವೂ ಆಗಿದೆ.

ಗಿರಾಕಿಗಳು ದೂರು ಹೇಳಿದರೆ ಕೇಳುವವರು ಯಾರು ಅನ್ನಬೇಡಿ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬೂತ್ಸ್ ಎಂಬ ಹಳೆಯ ಅಂಗಡಿ ಇದೆ. ಅದರ 28 ಶಾಖೆಗಳಿದ್ದವು. ಯಂತ್ರ ನಿಧಾನ, ಅದನ್ನು ನಂಬುವ ಹಾಗಿಲ್ಲ, ಅದರಲ್ಲಿ ಆತ್ಮೀಯತೆ ಇಲ್ಲ ಎಂದು ಗಿರಾಕಿಗಳು ಹೇಳುತ್ತಲೇ ಇದ್ದರು. 2023ರಲ್ಲಿ ಬೂತ್ಸ್ ತನ್ನ ಯಂತ್ರಗಳನ್ನು ತೆಗೆಸಲು ತೀರ್ಮಾನಿಸಿತು. ಬಹಳ ಜನ ಸೇರುವ ಎರಡು ಶಾಖೆಗಳಲ್ಲಿ ಮಾತ್ರ ಇರಲಿ ಎಂದಿತು.

ನೆದರ್ಲೆಂಡ್ಸ್ ಎಂಬ ದೇಶದಲ್ಲಿ ಜಂಬೋ ಎಂಬ ಅಂಗಡಿ ಬೇರೆ ದಾರಿ ಹಿಡಿಯಿತು. ಒಂಟಿಯಾಗಿರುವ ಮುದುಕರಿಗೆ ದಿನವೆಲ್ಲ ಮಾತಾಡಲು ಯಾರೂ ಇರುವುದಿಲ್ಲ. ಅಂಥವರಿಗಾಗಿ 2019ರಲ್ಲಿ ಒಂದು ಸಾಲು ಮಾಡಿತು. ಅದರ ಹೆಸರು 'ಹರಟೆ ಸಾಲು'. ಅಲ್ಲಿ ಅವಸರ ಇಲ್ಲ. ಬಿಲ್ಲು ಮಾಡುವವರು ಮಾತಾಡಿಸುತ್ತಾ ನಿಧಾನವಾಗಿ ಬಿಲ್ಲು ಮಾಡುತ್ತಾರೆ. ಜನ ಇಷ್ಟಪಟ್ಟರು. 2021ರಲ್ಲಿ ಇಂಥ ಸಾಲನ್ನು 200 ಅಂಗಡಿಗಳಲ್ಲಿ ಮಾಡುತ್ತೇವೆ ಎಂದು ಅವರು ಹೇಳಿದರು.

ಚಿಕ್ಕಮ್ಮ ಅಲ್ಲಿ ಐದು ತಿಂಗಳು ಇದ್ದರು. ಯಂತ್ರದ ಹತ್ತಿರ ಮತ್ತೆ ಹೋಗಲಿಲ್ಲ. ಸಾಲು ಎಷ್ಟೇ ಉದ್ದ ಇದ್ದರೂ ಬಿಲ್ಲು ಮಾಡುವ ಹೆಂಗಸಿನ ಹತ್ತಿರವೇ ಹೋಗುತ್ತಿದ್ದರು. ಆಕೆಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. "ಆದ್ರೂ ಕೂಸು ಹೇಗಿದೆ ಅಂತ ಕೈಯಲ್ಲೇ ಕೇಳೋಳು ಕಣೇ" ಅನ್ನುತ್ತಾರೆ.