ಒಂದು ಕಡೆ ಕೂರದ ಮಗು: ಸಂವೇದನಾ ಸಮನ್ವಯ ಥೆರಪಿ ಮತ್ತು ತರಗತಿಯ ಶಿಕ್ಷಕರು

ಒಂದನೆಯ ತರಗತಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕಗಳಲ್ಲಿ ಕೆಲವು ಮಾತುಗಳು ಪ್ರತಿವರ್ಷವೂ ಕಾಣುತ್ತವೆ: ‘ಒಂದು ಕಡೆ ಕೂರುವುದಿಲ್ಲ’, ‘ಸಣ್ಣದಕ್ಕೂ ಅಳುತ್ತಾಳೆ’, ‘ಪಕ್ಕದವರ ಮೇಲೆ ಬೀಳುತ್ತಾನೆ’. ಈಚೆಗೆ ಇವುಗಳ ಜೊತೆಗೆ ‘ಸೆನ್ಸರಿ ಪ್ರಾಬ್ಲಂ ಇದೆ’ ಎಂಬ ಮಾತೂ ಸೇರಿಕೊಂಡಿದೆ. ದಕ್ಷಿಣ ಬೆಂಗಳೂರಿನಲ್ಲಿ ಮಕ್ಕಳ ಥೆರಪಿ ಕೇಂದ್ರಗಳ ಫಲಕಗಳು ಹೆಚ್ಚಿದಂತೆ ಈ ಮಾತು ಪೋಷಕರಿಗೂ ನಮ್ಮ ಪ್ರಶಿಕ್ಷಣಾರ್ಥಿಗಳಿಗೂ ಪರಿಚಿತವಾಗಿದೆ. ಜರಗನಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಮಾರ್ಗದರ್ಶಕಿಯಾಗಿ ಕಂಡದ್ದನ್ನು ಆಧರಿಸಿ ಈ ಥೆರಪಿ ಏನು, ಅದಕ್ಕೆ ಎಷ್ಟು ಆಧಾರವಿದೆ, ಅದರಲ್ಲಿ ನಮ್ಮ ಪಾಲು ಯಾವುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಐದಲ್ಲ, ಏಳು

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ನಾವು ಮಕ್ಕಳಿಗೆ ಪಂಚೇಂದ್ರಿಯಗಳ ಪಾಠ ಮಾಡುತ್ತೇವೆ. ಇವುಗಳ ಜೊತೆಗೆ ಇನ್ನೆರಡು ಸಂವೇದನೆಗಳಿವೆ. ತಲೆ ಯಾವ ಕಡೆ ವಾಲಿದೆ, ದೇಹ ತಿರುಗುತ್ತಿದೆಯೇ ಎಂದು ತಿಳಿಸುವುದು ಒಳಕಿವಿಯ ಸಮತೋಲನ ಸಂವೇದನೆ. ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿವೆ, ಪೆನ್ಸಿಲ್ಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂದು ತಿಳಿಸುವುದು ಸ್ನಾಯು ಮತ್ತು ಕೀಲುಗಳ ಸಂವೇದನೆ. ಉಯ್ಯಾಲೆಯಲ್ಲಿ ಮೊದಲನೆಯದು, ಕುಂಟೆಬಿಲ್ಲೆಯಲ್ಲಿ ಎರಡೂ ಕೆಲಸ ಮಾಡುತ್ತವೆ.

ಈ ಎಲ್ಲ ಸಂವೇದನೆಗಳನ್ನು ಮಿದುಳು ಒಟ್ಟುಗೂಡಿಸಿ, ಬೇಕಾದದ್ದನ್ನು ಮುಂದೆ ಮಾಡಿ, ಬೇಡವಾದದ್ದನ್ನು ಹಿಂದೆ ಸರಿಸುವುದನ್ನು ಸಂವೇದನಾ ಸಮನ್ವಯ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಎ. ಜೀನ್ ಏರ್ಸ್ ಈ ವಿಚಾರವನ್ನು ಕಲಿಕೆಯ ತೊಂದರೆಗಳೊಂದಿಗೆ ಜೋಡಿಸಿ 1972ರಲ್ಲಿ ಪುಸ್ತಕ ಬರೆದರು. ಇಂದಿನ ಥೆರಪಿಯ ಮೂಲ ಅದು. ಕೆಲವು ಮಕ್ಕಳಿಗೆ ಸಣ್ಣ ಸದ್ದೂ ದೊಡ್ಡದಾಗಿ ತಟ್ಟುತ್ತದೆ. ಇನ್ನು ಕೆಲವರಿಗೆ ಹೆಸರು ಹಿಡಿದು ಕರೆದರೂ ತಟ್ಟುವುದಿಲ್ಲ. ಮತ್ತೆ ಕೆಲವರು ಓಡುವುದು, ತಿರುಗುವುದು, ಡಿಕ್ಕಿ ಹೊಡೆಯುವುದನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ.

ಥೆರಪಿ ಎಂದರೆ

ಇದನ್ನು ನಡೆಸುವವರು ತರಬೇತಿ ಪಡೆದ ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ತೂಗುವ ಉಯ್ಯಾಲೆ, ಹತ್ತುವ ಏಣಿ, ದೊಡ್ಡ ಚೆಂಡು, ಬಗೆಬಗೆಯ ಸ್ಪರ್ಶದ ವಸ್ತುಗಳಿರುವ ಕೋಣೆಯಲ್ಲಿ ಮಗುವಿನೊಡನೆ ಆಡುತ್ತಾರೆ. ನೋಡುವವರಿಗೆ ಅದು ಬರೀ ಆಟವೆನಿಸಬಹುದು. ಆದರೆ ಆ ಆಟ ಮಗುವಿಗೆ ತೀರ ಸುಲಭವಾಗಬಾರದು, ತೀರ ಕಷ್ಟವೂ ಆಗಬಾರದು. ಮಗುವೇ ಮುಂದಾಗಿ ಆಡಬೇಕು. ಊಟ, ಬಟ್ಟೆ, ಬರವಣಿಗೆಯಂಥ ನಿತ್ಯದ ಕೆಲಸವೊಂದು ಗುರಿಯಾಗಿರಬೇಕು. ಗುರಿಯಿಲ್ಲದೆ ಉಯ್ಯಾಲೆಯಲ್ಲಿ ಕೂರಿಸಿ ಕಳಿಸಿದರೆ ಅದನ್ನು ಈ ಹೆಸರಿನಿಂದ ಕರೆಯಲಾಗದು.

ಆಧಾರ ಎಷ್ಟು?

ಇಲ್ಲಿ ನಾವು ಎಚ್ಚರದಿಂದ ಮಾತನಾಡಬೇಕು. ಆಟಿಸಂ ಅಥವಾ ಸ್ವಲೀನತೆಯ ಲಕ್ಷಣಗಳಲ್ಲಿ ಸಂವೇದನೆಗೆ ಅತಿಯಾಗಿ ಅಥವಾ ಕಡಿಮೆಯಾಗಿ ಸ್ಪಂದಿಸುವುದನ್ನು ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಸೇರಿಸಿತು. ಆದರೆ ‘ಸಂವೇದನಾ ಸಂಸ್ಕರಣಾ ದೋಷ’ವನ್ನು ಪ್ರತ್ಯೇಕ ಕಾಯಿಲೆಯಾಗಿ ಅದು ಪಟ್ಟಿಮಾಡಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲಿ, ಇದನ್ನು ರೋಗನಿರ್ಣಯದ ಹೆಸರಾಗಿ ಬಳಸಬೇಡಿ, ಥೆರಪಿಯನ್ನು ಒಟ್ಟು ಯೋಜನೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಸಂಶೋಧನೆಯ ಆಧಾರ ಸೀಮಿತ ಎಂದು ಪೋಷಕರಿಗೆ ತಿಳಿಸಿ ಎಂದು ವೈದ್ಯರಿಗೆ ಹೇಳಿತು.

ಅಮೆರಿಕದಲ್ಲಿ ಸ್ವಲೀನತೆಯಿರುವ 32 ಮಕ್ಕಳೊಡನೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥೆರಪಿ ಪಡೆದವರು ತಮಗಾಗಿ ಗೊತ್ತುಮಾಡಿದ ಗುರಿಗಳತ್ತ ಹೆಚ್ಚು ಮುನ್ನಡೆದರು. ಬ್ರಿಟನ್ನಿನಲ್ಲಿ 138 ಮಕ್ಕಳೊಡನೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಕ್ಕಳ ವರ್ತನೆಯ ಮಟ್ಟಿಗೆ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ‘ಇದರಿಂದ ಎಲ್ಲ ಸರಿಹೋಗುತ್ತದೆ’ ಎನ್ನುವಂತಿಲ್ಲ, ‘ಇದೆಲ್ಲ ಸುಳ್ಳು’ ಎನ್ನುವಂತೆಯೂ ಇಲ್ಲ.

ಜರಗನಹಳ್ಳಿಯ ತರಗತಿಯಲ್ಲಿ

ಕನಕಪುರ ರಸ್ತೆಯ ಬಸ್ಸುಗಳ ಹಾರ್ನ್, ಮೇಲ್ಸೇತುವೆಯಲ್ಲಿ ಸಾಗುವ ಮೆಟ್ರೊ, ಪಕ್ಕದ ಕೋಣೆಯ ಮಗ್ಗಿ, ಇವೆಲ್ಲ ಅಲ್ಲಿನ ಮಕ್ಕಳಿಗೆ ನಿತ್ಯದ ಸದ್ದು. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಬ್ಬ ಹುಡುಗನ ಬಗ್ಗೆ ‘ತರಗತಿಯಿಂದ ಓಡಿಹೋಗುತ್ತಾನೆ’ ಎಂದು ಬರೆದಿದ್ದರು. ಎರಡು ವಾರ ಮೂರು ಅಂಕಣಗಳಲ್ಲಿ ದಾಖಲಿಸಲು ಹೇಳಿದೆ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಆಗ ಒಂದು ವಿನ್ಯಾಸ ಕಂಡಿತು. ಓಟ ಹೆಚ್ಚಾಗಿ ಕ್ಷೀರಭಾಗ್ಯದ ಹಾಲಿಗೆ ಸ್ಟೀಲ್ ಲೋಟಗಳನ್ನು ಹಂಚುವ ಹೊತ್ತಿನಲ್ಲಿತ್ತು. ಓಡುವ ಮುಂಚೆ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ.

ಅವನ ಜಾಗವನ್ನು ಬಾಗಿಲ ಪಕ್ಕದಿಂದ ಗೋಡೆಯ ಮೂಲೆಗೆ ಬದಲಿಸಿದೆವು. ‘ಇನ್ನು ಸ್ವಲ್ಪ ಹೊತ್ತಿಗೆ ಲೋಟ ಬರುತ್ತೆ’ ಎಂದು ಮೊದಲೇ ಹೇಳತೊಡಗಿದೆವು. ಒಂದೊಂದೇ ಗುಂಪಿಗೆ ಹಂಚಿದೆವು. ಓಡುವುದು ಕಡಿಮೆಯಾಯಿತು. ಆದರೆ ಗುಂಪಿನಲ್ಲಿ ಆಡುವುದಕ್ಕೆ ಅವನು ಇನ್ನೂ ಹಿಂಜರಿಯುತ್ತಿದ್ದ, ಮಾತೂ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. ಸಂವೇದನೆ ಅವನ ಕಷ್ಟದ ಒಂದು ಭಾಗ ಮಾತ್ರ ಎಂದು ಇದರಿಂದ ಗೊತ್ತಾಯಿತು.

ತಾಯಿಯ ಪ್ರಶ್ನೆ

ಮನೆಗೆಲಸಕ್ಕೆ ಹೋಗುವ ಅವನ ತಾಯಿ ಪ್ರಶಿಕ್ಷಣಾರ್ಥಿಯನ್ನು ಕೇಳಿದರು: “ಮಿಸ್, ಯಾರೋ ಥೆರಪಿ ಕೊಡ್ಸಿ ಅಂದ್ರು. ಸಾಲ ಮಾಡಾದ್ರೂ ಕರ್ಕೊಂಡು ಹೋಗ್ಲಾ? ಸರಿಹೋಗ್ತಾನಾ?”

ಈ ಪ್ರಶ್ನೆಗೆ ಹೌದು ಎನ್ನುವ ಅಧಿಕಾರ ಶಿಕ್ಷಕರಿಗಿಲ್ಲ. ಗೊತ್ತಿಲ್ಲ ಎಂದು ಕೈಚೆಲ್ಲುವುದೂ ತಪ್ಪು. ನಾವಿಬ್ಬರೂ ಕುಳಿತು ಅವರಿಗೆ ಮೂರು ಮಾತು ಹೇಳಿದೆವು.

ಮೊದಲು, ಪರೀಕ್ಷೆ. ಶ್ರವಣ ಪರೀಕ್ಷೆ ಆಗಲೇಬೇಕು. ಕಿವಿ ಮುಚ್ಚುವ ಮಗುವಿಗೂ ಕೇಳಿಸುವುದರಲ್ಲಿ ತೊಂದರೆ ಇರಬಹುದು. ಸಾಲಕ್ಕೆ ಮುಂಚೆ ಸರ್ಕಾರಿ ದಾರಿಗಳನ್ನು ನೋಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಯ ಮಕ್ಕಳನ್ನು ತಪಾಸಣೆ ಮಾಡಿ, ಅಗತ್ಯವಿದ್ದರೆ ಮುಂದಿನ ಕೇಂದ್ರಕ್ಕೆ ಕಳಿಸುತ್ತದೆ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಸಮೀಪದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದೆ.

ಎರಡನೆಯದು, ಥೆರಪಿ ಶುರುವಾದರೆ ಕೇಳಬೇಕಾದ ಪ್ರಶ್ನೆಗಳು: ನಡೆಸುವವರ ಓದು ಏನು? ಮಗು ಏನು ಮಾಡುವಂತಾಗಬೇಕು ಎಂಬುದು ಗುರಿ? ಎಷ್ಟು ವಾರಗಳ ನಂತರ ಅಳೆದು ನೋಡುತ್ತೀರಿ? ಬದಲಾವಣೆ ಕಾಣದಿದ್ದರೆ ಏನು ಮಾಡುತ್ತೀರಿ? ಉತ್ತರ ಸಿಗದ ಕಡೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಮೂರನೆಯದು, ಶಾಲೆಯಲ್ಲಿ ಮಾಡುತ್ತಿರುವ ಅನುಕೂಲಗಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮುಂದುವರಿಯುತ್ತವೆ.

ಪ್ರಶಿಕ್ಷಣಾರ್ಥಿಯ ಎರಡು ವಾರದ ದಾಖಲೆಯ ಪ್ರತಿಯನ್ನು ತಾಯಿ ಆಸ್ಪತ್ರೆಗೆ ಒಯ್ದರು. ವೈದ್ಯರು ಮಗುವನ್ನು ನೋಡುವುದು ಸ್ವಲ್ಪ ಹೊತ್ತು, ನಾವು ನೋಡುವುದು ದಿನವಿಡೀ. ನಮ್ಮ ಬರವಣಿಗೆಗೆ ಅಲ್ಲಿ ಬೆಲೆಯಿದೆ. ‘ಸೆನ್ಸರಿ ಪ್ರಾಬ್ಲಂ’ ಎಂದಷ್ಟೇ ಬರೆದಿದ್ದರೆ ಆ ಬೆಲೆ ಇರುತ್ತಿರಲಿಲ್ಲ.

ತರಗತಿಯಲ್ಲಿ ಮಾಡಬಹುದಾದದ್ದು

ಇವು ಚಿಕಿತ್ಸೆಯಲ್ಲ, ಎಲ್ಲ ಮಕ್ಕಳಿಗೂ ಆಗಿಬರುವ ಅನುಕೂಲಗಳು.

1. ಕುಳಿತು ಮಾಡುವ ಎರಡು ಚಟುವಟಿಕೆಗಳ ನಡುವೆ ಎದ್ದು ಮಾಡುವ ಒಂದನ್ನು ಇಡಿ. ನಲಿ-ಕಲಿಯ ಅಭಿನಯಗೀತೆಗಳು ಇದಕ್ಕೆ ಒದಗುತ್ತವೆ.
2. ಚಡಪಡಿಸುವ ಮಗುವಿಗೆ ಪುಸ್ತಕ ಹಂಚುವ, ಬೋರ್ಡ್ ಒರೆಸುವ ಜವಾಬ್ದಾರಿ ಕೊಡಿ.
3. ಜೇಡಿಮಣ್ಣು, ಬಣ್ಣ, ಅಂಟು ಮುಟ್ಟಲು ಒಲ್ಲದ ಮಗುವಿನ ಕೈ ಹಿಡಿದು ಒತ್ತಾಯಿಸಬೇಡಿ. ಕಡ್ಡಿ ಅಥವಾ ಬ್ರಷ್ ಕೊಡಿ.
4. ಗಂಟೆ, ಡ್ರಮ್, ಮೈಕ್ ಬಳಸುವ ಮುಂಚೆ ಹೇಳಿ.
5. ತೊಂದರೆ ಮುಂದುವರಿದರೆ ಮುಖ್ಯ ಶಿಕ್ಷಕರ ಮೂಲಕ ಬ್ಲಾಕ್ ಹಂತದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಸ್ವಲೀನತೆಯೂ ಸೇರಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕೆಂದೂ ಹೇಳಿದೆ. ಹಾಗಾಗಿ ಮೇಲಿನದು ಶಿಕ್ಷಕರು ತೋರುವ ದಯೆಯಲ್ಲ, ಕರ್ತವ್ಯ.

ಮುಂದಿನ ಬೋಧನಾಭ್ಯಾಸದಿಂದ ನನ್ನ ಗುಂಪಿನ ಪಾಠಯೋಜನೆಗಳಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದೇನೆ: ‘ಈ ಅವಧಿಯಲ್ಲಿ ಮಕ್ಕಳು ಎಷ್ಟು ಹೊತ್ತು ಅಲುಗದೆ ಕೂರಬೇಕು?’ ಆರು ವರ್ಷದ ಮಕ್ಕಳ ನಲವತ್ತು ನಿಮಿಷದ ಅವಧಿಗೆ ಉತ್ತರ ‘ಪೂರ್ತಿ’ ಎಂದಿದ್ದರೆ, ಮೊದಲು ತಿದ್ದಬೇಕಾದದ್ದು ಆ ಪಾಠಯೋಜನೆಯನ್ನು.